ಕೆಳಸಾಲಿನ ಪುಸ್ತಕ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಕುರ್ಚಿ ಬಾಡಿಗೆಯವನ ಮೇಲೋ, ಕಾಲೇಜಿನ ಪಾಪದ ಹುಡುಗಿಯರ ಮೇಲೋ ಯಾರೂ ಗೂಬೆ ಕೂರಿಸುವುದು ಬೇಡ. ಪತ್ರಿಕೆಯ ಡೆಸ್ಕಿನಲ್ಲಿ ಹದಿನಾಲ್ಕು ವರ್ಷ ಕೂತು ಬೇರೆಯವರ ತಪ್ಪು ತಿದ್ದಿದವಳು ನಾನು. ವರದಿಗಾರರು ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಾರೆ ಅನ್ನುವುದೂ ಗೊತ್ತು, ಕರೆದುಕೊಳ್ಳಲಿ. ಅಂಥ ನಾನೇ ಮಾಡಿದ ಒಂದು ಎಡವಟ್ಟಿನಿಂದ ಒಬ್ಬಳ ಅನ್ನಕ್ಕೆ ಕಲ್ಲು ಬೀಳುವುದರಲ್ಲಿತ್ತು. ಅದನ್ನು ತಡೆದವರು ಪೆನ್ಸಿಲಣ್ಣ.

ಪೆನ್ಸಿಲಣ್ಣ ನಮ್ಮ ಪತ್ರಿಕೆಯ ಹಿರಿಯ ವರದಿಗಾರರು. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಸಣಕಲು ಮೈ, ಅಗಲ ಕಿವಿ, ಅಂಗಿಯ ಜೇಬಿನಲ್ಲಿ ಹೆಬ್ಬೆರಳುದ್ದದ ಪೆನ್ಸಿಲ್ಲು, ಜೊತೆಗೊಂದು ರಬ್ಬರು. ಉಳಿದವರೆಲ್ಲ ಫೋನು ಮುಂದೆ ಹಿಡಿದು ರೆಕಾರ್ಡ್ ಮಾಡಿಕೊಳ್ಳುವಾಗ ಇವರು ಮಾತ್ರ ಕಂದು ರಟ್ಟಿನ ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದರು. ಪುಟದ ನಡುವೆ ಮಾತು, ಎಡಗಡೆಯ ಅಂಚಿನಲ್ಲಿ ಅದನ್ನು ಹೇಳಿದವರ ಹೆಸರು. ಸುದ್ದಿ ಅಚ್ಚಾಗಿ, ಅದರ ಮೇಲಿನ ತಕರಾರುಗಳೆಲ್ಲ ತೀರಿದ ಮೇಲೆ ಒಂದು ಸೋಮವಾರ ಕೂತು, ಗುಟ್ಟಾಗಿ ಮಾತು ಕೊಟ್ಟವರ ಹೆಸರುಗಳನ್ನು ಉಜ್ಜಿ ಉಜ್ಜಿ ಅಳಿಸುತ್ತಿದ್ದರು. ಹಾಗೆ ಅಳಿಸಿದ ಪುಸ್ತಕ ಕಪಾಟಿನ ಮೇಲಿನ ಸಾಲಿಗೆ. ತಕರಾರು ಇನ್ನೂ ಬಾಕಿ ಇದ್ದು, ಯಾರು ಏನು ಹೇಳಿದ್ದು ಅಂತ ಮತ್ತೆ ನೋಡಬೇಕಾಗಬಹುದಾದ ಪುಸ್ತಕ, ಅಂದರೆ ಹೆಸರು ಇನ್ನೂ ಅಳಿಸದ ಪುಸ್ತಕ, ಕೆಳಗಿನ ಸಾಲಿಗೆ. ಆ ಕಪಾಟಿಗೆ ಎರಡು ಕೀ. ಒಂದು ಅವರ ಹತ್ತಿರ, ಇನ್ನೊಂದು ನನ್ನ ಹತ್ತಿರ. ಇಡೀ ಆಫೀಸಿನಲ್ಲಿ ನನಗೊಬ್ಬಳಿಗೇ ಕೊಟ್ಟಿದ್ದರು ಅಂತ ನನಗೆ ಸ್ವಲ್ಪ ಕೊಬ್ಬೂ ಇತ್ತು.

ಯಾಕಣ್ಣ ಈ ಪೆನ್ಸಿಲ್ ಕಾಟ ಅಂತ ಒಮ್ಮೆ ಕೇಳಿದ್ದೆ. ಆವತ್ತು ಮನಸ್ಸು ಹಗುರವಿತ್ತೋ ಏನೋ, ಹೇಳಿದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪೆನ್ನಿನಲ್ಲೇ ಬರೆಯುತ್ತಿದ್ದರಂತೆ. ಯಾವುದೋ ಗೋದಾಮಿನ ಕಾವಲುಗಾರ ಒಳಗಿನ ಕಳ್ಳತನದ ಸಂಗತಿ ಹೇಳಿದ್ದ. ಬಸ್ಸಿನಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತಾಗ ಪಕ್ಕದ ಸೀಟಿನವನು ಆ ಹೆಸರನ್ನು ಓದಿಕೊಂಡ. ವಾರದೊಳಗೆ ಕಾವಲುಗಾರನ ಕೆಲಸ ಹೋಯಿತು.

"ಆಮೇಲೆ ಅವನು ಬಸ್ ನಿಲ್ದಾಣದಲ್ಲಿ ಮೂಟೆ ಹೊರ್ತಿದ್ದ. ನಾನು ದಿನಾ ಅದೇ ನಿಲ್ದಾಣದಲ್ಲಿ ಬಸ್ ಹತ್ತಬೇಕಿತ್ತು. ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. ನಮಸ್ಕಾರ ಮಾಡ್ತಿದ್ದ ಕಣಮ್ಮ," ಅಂದರು ಪೆನ್ಸಿಲಣ್ಣ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು ಕೇಳಿ.

ಆ ವರ್ಷ ನಮ್ಮ ವಲಯದ ಪತ್ರಕರ್ತರ ಸಮ್ಮೇಳನ ನಮ್ಮ ಊರಿನಲ್ಲೇ ನಡೆಯಿತು. ಸುತ್ತಲಿನ ಊರುಗಳಿಂದ ಇನ್ನೂರು ಮಂದಿ ಪತ್ರಕರ್ತರು, ಮೂರು ಕಾಲೇಜುಗಳಿಂದ ಪತ್ರಿಕೋದ್ಯಮ ಓದುವ ಮಕ್ಕಳು. ಬೆಳಿಗ್ಗೆ ಉದ್ಘಾಟನೆ, ಅದರಲ್ಲೇ ಪೆನ್ಸಿಲಣ್ಣನಿಗೆ ಜೀವಮಾನದ ಸಾಧನೆಗೊಂದು ಫಲಕ. ಊಟದ ಮೇಲೆ ಅವರದೇ ಪಾಠ. ಪಾಠದ ವಿಷಯ, ಸುದ್ದಿ ಕೊಟ್ಟವರನ್ನು ಕಾಪಾಡುವುದು ಹೇಗೆ. ನಗಬೇಡಿ. ಸಭಾಂಗಣದ ಹೊರಗಿನ ಉದ್ದನೆಯ ಪಡಸಾಲೆಯಲ್ಲಿ ಒಂದು ಪ್ರದರ್ಶನ, ಹಳೆಯ ಕ್ಯಾಮೆರಾ, ಅಚ್ಚಿನ ಮೊಳೆ, ವರದಿಗಾರರ ಕೈಬರಹದ ಪುಸ್ತಕಗಳು. ಅದರ ಉಸ್ತುವಾರಿ ನನ್ನದು.

ಪೆನ್ಸಿಲಣ್ಣ ಮೇಲಿನ ಸಾಲಿನಿಂದ ಒಂದು ಪುಸ್ತಕ ತೆಗೆದು ವಾರದ ಮೊದಲೇ ನನ್ನ ಕೈಗೆ ಕೊಟ್ಟಿದ್ದರು. ಯಾವುದೋ ಸೇತುವೆಯ ಸುದ್ದಿ. ಪುಟಕ್ಕೆಲ್ಲ ಚಹಾ ಚೆಲ್ಲಿ ಕಲೆಯಾಗಿತ್ತು. ಸಮ್ಮೇಳನದ ದಿನ ಬೆಳಿಗ್ಗೆ ಆಫೀಸಿಗೆ ಹೋದವಳಿಗೆ ಅದನ್ನು ನೋಡಿ ಮನಸ್ಸು ಬರಲಿಲ್ಲ. ಇಂಥ ದೊಡ್ಡ ಮನುಷ್ಯರ ಪುಸ್ತಕ ಇಷ್ಟು ಗಲೀಜಾ ಅಂದುಕೊಂಡೆ. ಮೂರು ತಿಂಗಳ ಹಿಂದೆ ಅವರು ಬರೆದ ನೀರಿನ ವರದಿ ಊರನ್ನೇ ಅಲ್ಲಾಡಿಸಿತ್ತು. ಊರಿಗೆ ನೀರು ಕೊಡುವ ಮಂಡಳಿಯ ಲ್ಯಾಬಿನಲ್ಲಿ ನೀರನ್ನು ಪರೀಕ್ಷೆ ಮಾಡದೆಯೇ ಎಲ್ಲ ಸರಿಯಿದೆ ಅಂತ ಕಾಗದ ತುಂಬುತ್ತಿದ್ದರು ಅನ್ನುವ ವರದಿ. ಆ ಪುಟ ಇಟ್ಟರೆ ಮಕ್ಕಳು ಮೂಗಿನ ಮೇಲೆ ಬೆರಳಿಡಬೇಕು ಅನ್ನಿಸಿತು. ಕಪಾಟು ತೆಗೆದೆ. ಅದು ಕೆಳಗಿನ ಸಾಲಿನಲ್ಲಿತ್ತು. ಅಚ್ಚಾಗಿ ಮೂರು ತಿಂಗಳಾಯಿತು, ಎಲ್ಲ ಅಳಿಸಿರುತ್ತಾರೆ, ಮೇಲಿಡಲು ಮರೆತಿದ್ದಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಪುಟ ತೆರೆದು ಎರಡು ಸಲ ಓದಿದೆ ಕೂಡ. ನನ್ನ ಕಣ್ಣು ತಪ್ಪು ಹುಡುಕುವ ಕಣ್ಣು. ಅಂಚಿನ ಹೆಸರಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ಕಣ್ಣು ಅಲ್ಲಿ ನಿಲ್ಲಲಿಲ್ಲ.

ಪಡಸಾಲೆಗೆ ಬಂದು ಗಾಜಿನ ಪೆಟ್ಟಿಗೆಯಲ್ಲಿ ಪುಸ್ತಕ ಬಿಚ್ಚಿಟ್ಟೆ. ಕುರ್ಚಿ ಬಾಡಿಗೆಯವನೇ ಪೆಟ್ಟಿಗೆಗಳನ್ನೂ ತಂದಿದ್ದ. ಎಲ್ಲಕ್ಕೂ ಬೀಗ ಹಾಕಿ, ಕೀಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನೂ ಐವತ್ತು ಕುರ್ಚಿ ಬೇಕಂತೆ ಅಂತ ಗೊಣಗುತ್ತ ಟೆಂಪೋ ಹತ್ತಿ ಹೋದ.

ಪಡಸಾಲೆಯ ಆ ತುದಿಯಲ್ಲಿ ಕುಡಿಯುವ ನೀರಿನ ಕೌಂಟರು. ಸಮ್ಮೇಳನಕ್ಕೆ ನೀರಿನ ವ್ಯವಸ್ಥೆ ನಮ್ಮದೇ ಅಂತ ನೀರಿನ ಮಂಡಳಿಯೇ ಮುಂದೆ ಬಂದಿತ್ತು. ಕೆಟ್ಟ ಹೆಸರು ತೊಳೆದುಕೊಳ್ಳುವ ಆಸೆ. ನೀಲಿ ಕೋಟು ಹಾಕಿದ ನಾಲ್ಕು ಮಂದಿ ಲೋಟ ಜೋಡಿಸುತ್ತಿದ್ದರು. ಬಾಯಾರಿಕೆ ಅಂತ ಹೋದೆ. ಸಣ್ಣ ವಯಸ್ಸಿನ ಹೆಂಗಸೊಬ್ಬಳು ನೀರು ಕೊಟ್ಟಳು. ಎದೆಯ ಮೇಲೆ ಹೆಸರಿನ ಚೀಟಿ, ಅದರ ಕೆಳಗೆ "ಲ್ಯಾಬ್ ಸಹಾಯಕಿ, ಕರಾರು" ಅಂತ. ಈ ಹೆಸರನ್ನು ಈಗ ತಾನೇ ಎಲ್ಲೋ ಓದಿದೆನಲ್ಲ ಅನ್ನಿಸಿತು. ಎರಡು ಗುಟುಕು ಕುಡಿಯುವಷ್ಟರಲ್ಲಿ ಎಲ್ಲಿ ಅಂತ ನೆನಪಾಯಿತು.

ಓಡಿದೆ. ಗಾಜಿನ ಮೇಲೆ ಬಗ್ಗಿ ನೋಡಿದೆ. ಅಂಚಿನಲ್ಲಿ ಅದೇ ಹೆಸರು, ಕೆಳಗೆ ಫೋನ್ ನಂಬರು. ಮುತ್ತಿನಂಥ ಅಕ್ಷರ, ಎರಡು ಮಾರು ದೂರದಿಂದ ಓದಬಹುದು. ಅಯ್ಯೋ ದೇವರೇ! ಆ ದಿನದ ಮುಖ್ಯ ಅತಿಥಿ ಯಾರು ಗೊತ್ತೇ? ನೀರಿನ ಮಂಡಳಿಯ ಚೀಫ್ ಎಂಜಿನಿಯರ್ರು. ಲ್ಯಾಬಿನ ಒಳಗಿನ ಸಂಗತಿ ಹೊರಗೆ ಬಿಟ್ಟವರು ಯಾರು ಅಂತ ಮೂರು ತಿಂಗಳಿಂದ ಒಬ್ಬೊಬ್ಬರನ್ನೇ ಕರೆದು ಹಿಂಡುತ್ತಿದ್ದವರು ಅವರೇ. ವರದಿ ಸುಳ್ಳು ಅಂತ ನಮಗೆ ನೋಟಿಸು ಕಳಿಸಿದವರೂ ಅವರೇ. ತಕರಾರು ತೀರಿಲ್ಲ, ಅದಕ್ಕೇ ಪೆನ್ಸಿಲಣ್ಣ ಹೆಸರು ಅಳಿಸಿಲ್ಲ. ಗಡಿಯಾರ ನೋಡಿದೆ. ಅತಿಥಿ ಬರಲು ಇಪ್ಪತ್ತು ನಿಮಿಷ.

ಕುರ್ಚಿಯವನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಬೀಗ ಜಗ್ಗಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಪಕ್ಕದ ಮೇಜಿನಿಂದ ಕಾರ್ಯಕ್ರಮದ ಪತ್ರಗಳ ಕಟ್ಟನ್ನೇ ಎತ್ತಿ ತಂದು ಗಾಜಿನ ಮೇಲೆ ಹರಡಿದೆ. ಮತ್ತೆ ಫೋನು ಮಾಡಲು ಕಿಟಕಿಯ ಬಳಿ ಹೋಗಿ ತಿರುಗಿ ನೋಡಿದರೆ, ಕಾಲೇಜಿನ ಹುಡುಗಿಯೊಬ್ಬಳು ಎಲ್ಲವನ್ನೂ ಎತ್ತಿ, ಗಾಜನ್ನು ಒದ್ದೆ ಬಟ್ಟೆಯಿಂದ ಫಳಫಳ ಒರೆಸುತ್ತಿದ್ದಾಳೆ!

"ಏನೇ ಮಾಡ್ತಿದ್ದೀಯ?"

"ಗಾಜಿನ ಮೇಲೆ ಒಂದು ಚೂರು ಕಸ ಕಂಡ್ರೂ ಸುಮ್ನಿರಲ್ಲ ಅಂತ ಬೆಳಿಗ್ಗೆ ನೀವೇ ಬೈದ್ರಲ್ಲ ಮೇಡಂ."

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಪೆನ್ಸಿಲಣ್ಣ ಹೆಂಡತಿಯ ಜೊತೆ ಬಂದರು. ಅವರ ಹೆಂಡತಿಯನ್ನು ನಾವೆಲ್ಲ ಅತ್ತಿಗೆ ಅನ್ನುತ್ತೇವೆ. ಗಂಡನ ಯಾವ ಕಾರ್ಯಕ್ರಮಕ್ಕೂ ಬಂದವರಲ್ಲ, ಗಂಡನೇ ಬರುತ್ತಾರೆ ಅನ್ನುವ ನಂಬಿಕೆಯಿಲ್ಲದೆ. ಆವತ್ತು ಹೊಸ ಸೀರೆ ಉಟ್ಟು ಬಂದಿದ್ದರು. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಬಂದ ಪೆನ್ಸಿಲಣ್ಣನನ್ನು ಪೆಟ್ಟಿಗೆಯ ಹತ್ತಿರ ಕರೆತಂದೆ. ಬೆರಳು ತೋರಿಸಿದೆ.

ನೋಡಿದರು.

"ಯಾರು ತಂದಿದ್ದು?"

"ನಾನೇ ಅಣ್ಣ."

ಕೈ ಚಾಚಿದರು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಪರ್ಸಿನಿಂದ ಕಪಾಟಿನ ಕೀ ತೆಗೆದು ಅವರ ಅಂಗೈಯಲ್ಲಿಟ್ಟೆ. ಜೇಬಿಗೆ ಹಾಕಿಕೊಂಡರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇದರ ಕೀ?"

"ಕುರ್ಚಿಯವನ ಹತ್ತಿರ. ಫೋನ್ ಎತ್ತುತ್ತಾ ಇಲ್ಲ ಅಣ್ಣ. ಗಾಜು ಒಡೆದುಬಿಡ್ಲಾ?"

"ಒಡೆದ್ರೆ ಇನ್ನೂರು ಜನ ಬಂದು ಬಗ್ಗಿ ನೋಡ್ತಾರೆ. ಅದೂ ನಮ್ಮ ಪೇಪರಿನ ಜಾತಿ ಜನ. ಸುಮ್ನಿರು."

ಹೊರಗೆ ಕಾರು ನಿಂತ ಸದ್ದಾಯಿತು. ಪೆನ್ಸಿಲಣ್ಣ ಪೆಟ್ಟಿಗೆಗೆ ಬೆನ್ನು ಕೊಟ್ಟು, ಎರಡೂ ಕೈ ಹಿಂದಕ್ಕೆ ಊರಿ, ಗಾಜಿನ ಅಂಚಿನ ಮೇಲೆ ಹೆಚ್ಚುಕಡಿಮೆ ಕೂತೇಬಿಟ್ಟರು. ಸಣಕಲು ಮೈ ಅಷ್ಟನ್ನು ಮುಚ್ಚುವುದೇ? ಎಡಗಡೆ ಒಂದು ಗೇಣು ಕಾಣುತ್ತಿತ್ತು. ಹೆಸರಿದ್ದದ್ದೂ ಎಡಗಡೆಯೇ. ನಾನು ಅಲ್ಲಿ ಹೋಗಿ ಗೂಟದ ಹಾಗೆ ನಿಂತೆ.

"ಬನ್ರಮ್ಮ, ಬನ್ರಪ್ಪ," ಅಂತ ಪೆನ್ಸಿಲಣ್ಣ ವಿದ್ಯಾರ್ಥಿಗಳನ್ನು ಕೂಗಿದರು. "ಮಧ್ಯಾಹ್ನದ ಪಾಠ ಈಗಲೇ ಶುರು ಮಾಡ್ತೀನಿ. ಹತ್ತಿರ ಬನ್ನಿ. ಇನ್ನೂ ಹತ್ತಿರ."

ಇಪ್ಪತ್ತು ಮಂದಿ ಸುತ್ತ ನೆರೆದರು. ಆ ಕಾವಲುಗಾರನ ಕತೆ ಬಿಟ್ಟರೆ ಹತ್ತು ಮಾತಿಗಿಂತ ಹೆಚ್ಚು ಆಡಿದ್ದನ್ನು ನಾನು ಕೇಳದ ಮನುಷ್ಯ ಆವತ್ತು ನಿಲ್ಲಿಸದೆ ಮಾತಾಡಿದರು. ಸೇತುವೆ, ಆಸ್ಪತ್ರೆ, ಶಾಲೆಯ ಸೂರು, ಬಾಯಿಗೆ ಬಂದದ್ದೆಲ್ಲ. ಅವರ ಕಿವಿಯ ಹಿಂದಿನಿಂದ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು.

ಚೀಫ್ ಸಾಹೇಬರು ಸಮ್ಮೇಳನದ ಅಧ್ಯಕ್ಷರ ಜೊತೆ ಒಂದೊಂದೇ ಪೆಟ್ಟಿಗೆ ನೋಡುತ್ತ ಬಂದರು. ನಮ್ಮ ಮುಂದೆ ಬಂದು ನಿಂತರು.

"ಓಹೋ, ನೀವೇ ಅಲ್ವಾ ನಮ್ಮ ಮಾನ ಹರಾಜು ಹಾಕಿದವರು," ಅಂತ ನಕ್ಕರು. ಬಾಯಿ ನಗುತ್ತಿತ್ತು, ಕಣ್ಣು ಮಾತ್ರ ಪೆನ್ಸಿಲಣ್ಣನ ಪಕ್ಕೆಯಿಂದಾಚೆ ಇಣುಕುತ್ತಿತ್ತು. "ಏನಿದೆ ಈ ಪೆಟ್ಟಿಗೇಲಿ? ಸ್ವಲ್ಪ ಸರೀರಿ, ನಾವೂ ನೋಡೋಣ."

"ನನ್ನದೇ ಹಳೇ ನೋಟ್‌ಬುಕ್ಕು ಸಾರ್. ಕೋಳಿ ಕೆದರಿದ ಹಾಗಿದೆ."

"ಕೋಳಿ ಏನು ಕೆದರಿದೆ ಅಂತಾನೇ ನೋಡ್ಬೇಕು."

"ಕಾಲು ಹಿಡ್ಕೊಂಡಿದೆ ಸಾರ್. ಊರಿದ್ರೆ ಜೀವ ಹೋಗುತ್ತೆ. ಎರಡು ನಿಮಿಷ."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ದನಿ ನಡುಗಿತು. ಅದೇ ಒಳ್ಳೆಯದಾಯಿತೋ ಏನೋ, ನೋವಿನಿಂದ ನಡುಗಿದಂತೆ ಕೇಳಿಸಿತು. ಆದರೆ ಸಾಹೇಬರು ಕದಲಲಿಲ್ಲ. ಪಡಸಾಲೆಯ ಆ ತುದಿಯನ್ನು ನೋಡಿ ಬೆರಳು ಮಡಿಸಿದರು.

"ಏಯ್, ಬಾ ಇಲ್ಲಿ. ಇವರಿಗೆ ನೀರು ಕೊಡು."

ಬಂದವಳು ಅವಳೇ. ಟ್ರೇಯಲ್ಲಿ ಒಂದೇ ಲೋಟ, ಟ್ರೇ ಸಣ್ಣಗೆ ಅದುರುತ್ತಿತ್ತು. ಬೇಕೆಂದೇ ಅವಳನ್ನು ಕರೆದರೋ, ಕೈಗೆ ಸಿಕ್ಕವಳು ಅಂತ ಕರೆದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಸಾಹೇಬರು ಅವಳ ಮುಖ ನೋಡಿದರು, ಪೆನ್ಸಿಲಣ್ಣನ ಮುಖ ನೋಡಿದರು.

ಪೆನ್ಸಿಲಣ್ಣ ಲೋಟ ತೆಗೆದುಕೊಂಡು ಪೂರ್ತಿ ಕುಡಿದರು. ಲೋಟ ಟ್ರೇಯಲ್ಲಿಟ್ಟು ಅವಳ ಎದೆಯ ಚೀಟಿಯತ್ತ ಕಣ್ಣು ಕಿರಿದು ಮಾಡಿದರು.

"ಕನ್ನಡಕ ತಂದಿಲ್ಲ, ಓದಕ್ಕಾಗ್ತಿಲ್ಲ. ಏನು ಹೆಸರಮ್ಮ ನಿನ್ನದು?"

ನಾಲ್ಕು ಸಲ ಅವಳ ಮನೆಗೆ ಹೋಗಿ ಕೂತು ಮಾತು ಬರೆದುಕೊಂಡ ಮನುಷ್ಯ! ಅವಳ ಕಣ್ಣು ಒಂದು ಕ್ಷಣ ಅರಳಿತು. ಆಮೇಲೆ ತಲೆ ತಗ್ಗಿಸಿ ತನ್ನ ಹೆಸರು ಹೇಳಿದಳು. ಅವರ ಬೆನ್ನ ಹಿಂದೆ, ಗಾಜಿನ ಕೆಳಗೆ ಬಿದ್ದಿದ್ದ ಹೆಸರನ್ನೇ.

"ಒಳ್ಳೇ ಹೆಸರು. ಹೊಸದಾಗಿ ಸೇರಿದ್ದಾ?"

"ಇಲ್ಲ ಸಾರ್. ಆರು ವರ್ಷ ಆಯ್ತು."

"ಹೂಂ. ಇರಲಿ. ಹೋಗಮ್ಮ."

ಹೋದಳು. ಹಿಂದಿರುಗಿ ನೋಡಲಿಲ್ಲ, ಪುಣ್ಯಾತಗಿತ್ತಿ.

ಅಷ್ಟು ಹೊತ್ತಿಗೆ ಮೈಕಿನಲ್ಲಿ ಪೆನ್ಸಿಲಣ್ಣನನ್ನು ವೇದಿಕೆಗೆ ಕರೆದರು. ಅಧ್ಯಕ್ಷರು ಸಾಹೇಬರ ಮೊಣಕೈ ಹಿಡಿದು, ಫಲಕ ತಾವೇ ಕೊಡಬೇಕು, ಹೊತ್ತಾಯಿತು ಅಂತ ಗೋಗರೆದರು. ಸಾಹೇಬರು ಹೊರಟವರು ನಿಂತು, "ಕೊಟ್ಟು ಬಂದು ನೋಡ್ತೀನಿ. ಪುಸ್ತಕ ಎಲ್ಲಿಗೂ ಹೋಗಲ್ಲ ತಾನೇ?" ಅಂದರು.

"ಇಲ್ಲೇ ಇರುತ್ತೆ ಸಾರ್," ಅಂದರು ಪೆನ್ಸಿಲಣ್ಣ.

ಮೈಕು ಎರಡನೆಯ ಸಲ ಕರೆಯಿತು. ವಿದ್ಯಾರ್ಥಿಗಳು, ಸಾರ್ ನಿಮ್ಮನ್ನೇ ಕರೀತಿದ್ದಾರೆ ಅಂದರು. "ನೀವು ಒಳಗೆ ಹೋಗಿ ಚಪ್ಪಾಳೆ ಹೊಡೀರಿ, ನಾನು ಬಂದೆ," ಅಂತ ಎಲ್ಲರನ್ನೂ ಅಟ್ಟಿದರು.

"ಅಣ್ಣ, ನೀವು ಹೋಗಿ. ನಾನು ಮಲಗಾದ್ರೂ ಮುಚ್ತೀನಿ," ಅಂದೆ. ಅಳು ಬಂದುಬಿಟ್ಟಿತ್ತು.

"ಬೇರೆ ಯಾರಾದ್ರೂ ಬಂದು ಇಣುಕಿದ್ರೆ ನೀನು ಕಿರುಚಾಡ್ತೀಯ. ನಿನ್ನ ಬಾಯಿ ನನಗೆ ಗೊತ್ತಿಲ್ವಾ?"

ಮೂರನೆಯ ಸಲ ಕರೆದದ್ದು ಅವರನ್ನಲ್ಲ, ಅವರ ಶ್ರೀಮತಿಯವರನ್ನು. ಅರೆತೆರೆದ ಬಾಗಿಲಿನಿಂದ ಕಂಡಿತು. ಅತ್ತಿಗೆ ಮೆಟ್ಟಿಲು ಹತ್ತಿದರು. ಒಮ್ಮೆ ಬಾಗಿಲ ಕಡೆ ನೋಡಿದರು. ಆ ಸಾಹೇಬರ ಕೈಯಿಂದಲೇ ಫಲಕ ಇಸಿದುಕೊಂಡರು. ಚಪ್ಪಾಳೆ ಬಿದ್ದಾಗ ಪೆನ್ಸಿಲಣ್ಣ ನೆಲ ನೋಡುತ್ತಿದ್ದರು.

ಕುರ್ಚಿಯವನು ಬಂದದ್ದು ಆಗ. "ಏನ್ ಮೇಡಂ, ಹನ್ನೊಂದು ಸಲ ಫೋನು! ಗಾಡಿ ಓಡಿಸೋದು ಬೇಡ್ವಾ ನಾನು?" ಅನ್ನುತ್ತ ಬಂದವನ ಸೊಂಟದಿಂದ ಗೊಂಚಲನ್ನು ನಾನೇ ಕಿತ್ತುಕೊಂಡೆ. ಮೂರನೆಯ ಕೀಗೆ ಬೀಗ ತೆರೆಯಿತು.

ಪೆನ್ಸಿಲಣ್ಣ ರಬ್ಬರು ತೆಗೆದು ಅಂಚಿನ ಹೆಸರನ್ನೂ ನಂಬರನ್ನೂ ಉಜ್ಜಿದರು. ಸೀಸ ಹೋಯಿತು. ಆದರೆ ಒತ್ತಿ ಬರೆಯುವ ಕೈ ಅವರದು, ಕಾಗದದಲ್ಲಿ ಗೀರು ಉಳಿಯಿತು. ಬೆಳಕಿಗೆ ಓರೆಯಾಗಿ ಹಿಡಿದರೆ ಹೆಸರು ಓದಲು ಬರುತ್ತಿತ್ತು. ಬೇರೆ ಪುಟ ತಿರುವಿಡೋಣ ಅಂದರೆ ಅಲ್ಲೂ ಅಂಚಿನಲ್ಲಿ ಅವಳದೇ ಹೆಸರು.

"ಪುಟ ಹರಿದುಬಿಡಿ ಅಣ್ಣ. ಪುಸ್ತಕಾನೇ ತಗೊಂಡು ಹೋಗಿಬಿಡಿ."

"ಖಾಲಿ ಪೆಟ್ಟಿಗೆ ನೋಡಿದ್ರೆ ಅವನಿಗೆ ಅನುಮಾನ ಇರಲ್ಲ, ಖಾತ್ರಿಯಾಗುತ್ತೆ. ಲ್ಯಾಬಿನ ಅಷ್ಟೂ ಜನರನ್ನ ಮತ್ತೆ ಹಿಂಡ್ತಾನೆ. ಈಗ ತಾನೇ ಅವಳ ಕೈ ನಡುಗಿದ್ದು ನೋಡಿದ್ದಾನೆ."

ಒಳಗೆ ಸಾಹೇಬರ ಭಾಷಣ ಮುಗಿಯುವ ಹಂತಕ್ಕೆ ಬಂದಿತ್ತು. ಎಲ್ಲಿಂದ ಬಂತೋ ಆ ಧೈರ್ಯ, ಅವರ ಜೇಬಿನಿಂದ ಆ ಮೋಟು ಪೆನ್ಸಿಲ್ಲು ಎಳೆದುಕೊಂಡೆ. ಅಳಿಸಿದ ಜಾಗದ ಮೇಲೆಯೇ ಒತ್ತಿ ಬರೆಯಲು ಹೊರಟೆ. ಬೇರೆ ಯಾರದಾದರೂ ಹೆಸರು ಬರೆದರೆ ಅವರ ತಲೆಯ ಮೇಲೆ ಬರುತ್ತದೆ. ಹಾಗಾದರೆ ಯಾರದು? ನನ್ನದೇ. ಹದಿನಾಲ್ಕು ವರ್ಷದಲ್ಲಿ ಎಷ್ಟು ಲಕ್ಷ ಅಕ್ಷರ ಬರೆದಿದ್ದೇನೋ, ನನ್ನ ಹೆಸರಿನ ಮೊದಲ ಅಕ್ಷರಕ್ಕೆ ಕೈ ಓಡಲಿಲ್ಲ. ಮಗಳ ಶಾಲೆ, ಮನೆ, ಅತ್ತೆ, ಎಲ್ಲ ಕಣ್ಣ ಮುಂದೆ ಬಂದವು. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ? ಅವಳು ತನ್ನ ಹೆಸರನ್ನು ಈ ಪುಸ್ತಕಕ್ಕೆ ಕೊಟ್ಟ ದಿನ ಅವಳ ಹೊಟ್ಟೆಯಲ್ಲಿ ಹೇಗಾಗಿರಬೇಕು ಅಂತ ಆಗ ತಿಳಿಯಿತು. ಬರೆದೆ. ಎರಡು ಸಲ ತಿದ್ದಿ ದಪ್ಪ ಮಾಡಿದೆ. ಕೆಳಗೆ ನನ್ನ ನಂಬರನ್ನೂ ಹಾಕಿದೆ.

ಪೆನ್ಸಿಲಣ್ಣ ತಡೆಯಲಿಲ್ಲ. "ಈ ಪುಸ್ತಕದಲ್ಲಿ ಇದೊಂದೇ ಸುಳ್ಳು," ಅಂದರು. ಬೀಗ ಹಾಕಿದೆವು.

ಸಾಹೇಬರು ನೆಟ್ಟಗೆ ಬಂದರು. ಈ ಸಲ ಪೆನ್ಸಿಲಣ್ಣ ತಾವಾಗಿ ಸರಿದು ನಿಂತರು. ಸಾಹೇಬರು ಬಗ್ಗಿ ಓದಿದರು. ನಿಧಾನಕ್ಕೆ ನನ್ನ ಎದೆಯ ಮೇಲಿನ ಸಮ್ಮೇಳನದ ಚೀಟಿಯಲ್ಲಿ ಹೆಸರು, ಹುದ್ದೆ ಓದಿದರು. ಆಮೇಲೆ ನನ್ನ ಮುಖ.

"ಇದು ನೀವಾ?"

"ನಾನೇ ಸಾರ್."

"ಡೆಸ್ಕಿನಲ್ಲಿ ಕೂರೋರಿಗೆ ನಮ್ಮ ಲ್ಯಾಬಿನ ಒಳಗಿಂದು ಹೇಗೆ ಗೊತ್ತಾಯ್ತು?"

"ಅದನ್ನ ಹೇಳಲ್ಲ ಸಾರ್."

ಬಹಳ ಹೊತ್ತು ಗುರಾಯಿಸಿದರು. ನಾನೂ ಕಣ್ಣು ಕೆಳಗೆ ಹಾಕಲಿಲ್ಲ. "ನಿಮ್ಮ ಮನೆ ಯಾವ ಬೀದಿ?" ಅಂದರು. ಬೀದಿ, ಮನೆ ನಂಬರು, ಎಲ್ಲ ಹೇಳಿದೆ. ತಲೆ ಆಡಿಸಿ ಹೊರಟುಹೋದರು.

ಊಟದ ಹೊತ್ತಿನಲ್ಲಿ ಅತ್ತಿಗೆ ಫಲಕವನ್ನು ಗಂಡನ ಮುಂದೆ ಟಪ್ಪನೆ ಇಟ್ಟರು. "ಮೂವತ್ತು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ ಟೈಮಿಗೆ ಬರಕ್ಕಾಗಲಿಲ್ಲ ನಿಮಗೆ. ಹತ್ತು ಹೆಜ್ಜೆ ದೂರದಲ್ಲಿ ನಿಂತ್ಕೊಂಡು! ಏನಾಗಿತ್ತು?" ಪೆನ್ಸಿಲಣ್ಣ, "ಕಾಲು ಹಿಡ್ಕೊಂಡಿತ್ತು," ಅಂದರು. ಹೆಂಡತಿಗೂ ಅದೇ ಉತ್ತರ. ಅತ್ತಿಗೆ ನನ್ನತ್ತ ನೋಡಿದರು. ನಾನು ತಟ್ಟೆ ನೋಡಿದೆ.

ಮುಂದಿನ ವಾರದಿಂದ ನಮ್ಮ ಬೀದಿಯ ನಲ್ಲಿಯಲ್ಲಿ ನೀರು ನೂಲಿನೆಳೆಯಷ್ಟು ಬರತೊಡಗಿತು. ಅತ್ತೆ ಮಂಡಳಿಯವರಿಗೆ ಹಿಡಿಶಾಪ ಹಾಕುತ್ತಾರೆ. ನೀನು ಪೇಪರಿನವಳಾಗಿ ಒಂದು ಸುದ್ದಿ ಬರೆಯಬಾರದಾ ಅಂತ ನನ್ನನ್ನೂ ಉಗಿಯುತ್ತಾರೆ. ಮೂಲೆಮನೆಯವರು, ಎದುರುಮನೆಯವರು ಕೊಡ ಹಿಡಿದು ನಿಲ್ಲುವಾಗ ಅವರ ಮುಖ ನೋಡಲು ನನಗೆ ನಾಚಿಕೆ. ನನ್ನ ಪಾಲನ್ನು ಅವರೂ ಹೊರುತ್ತಿದ್ದಾರೆ ಅಂತ ಹೇಳಿಕೊಳ್ಳಲೂ ಆಗದು.

ಆರು ತಿಂಗಳ ಮೇಲೆ ಮಂಡಳಿ ತನ್ನ ನೋಟಿಸು ಹಿಂದಕ್ಕೆ ತೆಗೆದುಕೊಂಡಿತು. ಲ್ಯಾಬಿನಾಕೆ ಇನ್ನೂ ಅಲ್ಲೇ ಕೆಲಸದಲ್ಲಿದ್ದಾಳೆ ಅಂತ ಕೇಳಿದೆ. ಆ ಸೋಮವಾರ ಪೆನ್ಸಿಲಣ್ಣ ಆ ಪುಸ್ತಕ ಹಿಡಿದು ನನ್ನ ಮೇಜಿಗೆ ಬಂದರು. ಎದುರಿಗೇ ಕೂತು ಅಂಚಿನಲ್ಲಿದ್ದ ನನ್ನ ಹೆಸರನ್ನು ಉಜ್ಜಿ ಅಳಿಸಿದರು. ಪುಡಿಯನ್ನು ಊದಿದರು.

"ಇಲ್ಲಿ ನಿನಗಿಂತ ಮುಂಚೆ ಯಾರದೋ ಹೆಸರಿತ್ತಲ್ಲ. ಯಾರದಮ್ಮ ಅದು?"

ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಇವತ್ತಿಗೂ ಇದೆ.

"ಮುಂಚೆನಾ? ಯಾರದೂ ಇರಲಿಲ್ಲವಲ್ಲ ಅಣ್ಣ," ಅಂದೆ.

ಅವರು ಎದ್ದು ಪುಸ್ತಕವನ್ನು ಮೇಲಿನ ಸಾಲಿನಲ್ಲಿಟ್ಟು ಕಪಾಟಿಗೆ ಬೀಗ ಹಾಕಿದರು. ಮನೆಗೆ ಹೋಗುವಾಗ ನನ್ನ ಮೇಜಿನ ಮುಂದೆ ಹಾದು, ಆವತ್ತು ನನ್ನಿಂದ ಇಸಿದುಕೊಂಡಿದ್ದ ಕೀಯನ್ನು ನನ್ನ ಟೀ ಲೋಟದ ಪಕ್ಕದಲ್ಲಿಟ್ಟು ಹೋದರು.